ಲೈಸೆನ್ಸ್ ಕೇಳಿಕೊಂಡು ಬಂದವರು

ಬಿ.ಸಿ.ರೋಡಿನ ಬಸ್ ನಿಲ್ದಾಣದಿಂದ ತುಸು ದೂರ, ಟಯರ್ ಅಂಗಡಿಯ ಮೇಲಿನ ಮಹಡಿಯಲ್ಲಿ ನಮ್ಮ ಆಫೀಸು. ಮನೆ, ಅಂಗಡಿಗಳ ಪ್ಲಾನ್ ಹಾಕುವುದು, ಪಂಚಾಯತಿಗೆ ಕೊಡುವ ನಕ್ಷೆ ಮಾಡುವುದು, ಕಟ್ಟುವಾಗ ಹೋಗಿ ನೋಡಿಕೊಳ್ಳುವುದು ನಮ್ಮ ಕೆಲಸ. ನಾನು ಹುಟ್ಟಿದ್ದು ಮೂಡಬಿದ್ರೆಯಲ್ಲಿ, ಮದುವೆಯಾಗಿ ಬಂದದ್ದು ನರಿಕೊಂಬಿಗೆ, ಓದಿದ್ದು ಸಿವಿಲ್ ಇಂಜಿನಿಯರಿಂಗ್. ಆಫೀಸಿನ ಇನ್ನೊಬ್ಬ ಪಾಲುದಾರರು ವಿಟ್ಲದ ಬ್ಯಾರಿ ಮನೆತನದವರು. ಗಲ್ಫಿನಲ್ಲಿ ದೊಡ್ಡ ದೊಡ್ಡ ಕಟ್ಟಡಗಳ ಡ್ರಾಯಿಂಗ್ ಮಾಡಿ, ಇನ್ನು ಸಾಕು ಎನಿಸಿ ಊರಿಗೆ ಮರಳಿದವರು. ನನಗಿಂತ ಹಿರಿಯರಾದ್ದರಿಂದ ನಾನು ಅವರನ್ನು ಕಾಕ ಎನ್ನುತ್ತೇನೆ. ಅವರು ನನ್ನನ್ನು ಖುಷಿಯಲ್ಲಿದ್ದಾಗ ಮಾರಾಯ್ತಿ ಎಂದೂ, ಗಾಬರಿಯಲ್ಲಿದ್ದಾಗ ಮೇಡಂ ಎಂದೂ ಕರೆಯುತ್ತಾರೆ. ನಮ್ಮ ಮಾತೆಲ್ಲ ತುಳುವಿನಲ್ಲಿ. ಇಲ್ಲಿ ಕನ್ನಡದಲ್ಲಿ ಬರೆಯುತ್ತಿದ್ದೇನೆ ಅಷ್ಟೆ.

ಆ ಬೆಳಿಗ್ಗೆ ನಾನು ಬರುವಾಗ ಕಾಕ ಕಂಪ್ಯೂಟರಿನ ಮುಂದೆ ನಿಂತೇ ಇದ್ದರು. ಕುಳಿತುಕೊಂಡರೆ ಪರದೆಯಲ್ಲಿದ್ದವರಿಗೆ ಅಗೌರವವಾದೀತು ಎಂಬ ಹಾಗೆ.

"ಮೇಡಂ," ಎಂದರು, "ನಮ್ಮ ಮೇಲೆ ಆಡಿಟ್ ಬಂದಿದೆ."

ನಾವು ಪ್ಲಾನ್ ಹಾಕುವ ಸಾಫ್ಟ್‌ವೇರಿನ ಕಂಪೆನಿಯ ಹೆಸರಿನಲ್ಲಿ ಮೇಲ್ ಬಂದಿತ್ತು. ನಿಮ್ಮಲ್ಲಿರುವ ಲೈಸೆನ್ಸ್‌ಗಳನ್ನು ಪರಿಶೀಲಿಸಬೇಕಾಗಿದೆ, ಕೆಳಗಿನ ಕೊಂಡಿಯಿಂದ ಒಂದು ಟೂಲ್ ಇಳಿಸಿಕೊಂಡು ಎಲ್ಲ ಕಂಪ್ಯೂಟರುಗಳಲ್ಲಿ ಓಡಿಸಿ, ತಪ್ಪಿದರೆ ಕಾನೂನು ಕ್ರಮ. ಎಲ್ಲವೂ ಕೋರ್ಟಿನ ಇಂಗ್ಲಿಷಿನಲ್ಲಿ. 'ಕಾನೂನು ಕ್ರಮ' ಮಾತ್ರ ಕೆಂಪು ಅಕ್ಷರದಲ್ಲಿ.

ನಮ್ಮ ಸಾಫ್ಟ್‌ವೇರೆಲ್ಲ ಸರಿಯಾಗಿ ಖರೀದಿಸಿದ್ದೇ. ಆಫೀಸು ತೆರೆದ ದಿನವೇ ಕಾಕ ಹಟ ಹಿಡಿದಿದ್ದರು, ಕದ್ದ ಸಾಫ್ಟ್‌ವೇರಿನಲ್ಲಿ ಗೆರೆ ಎಳೆದರೆ ಗೋಡೆ ನೆಟ್ಟಗೆ ನಿಲ್ಲುವುದಿಲ್ಲ ಎಂದು. ಆದರೂ ಇಬ್ಬರಿಗೂ ಅಳುಕಾಯಿತು. ತಲೆಯಲ್ಲಿ ಹೆಲ್ಮೆಟ್, ಜೇಬಿನಲ್ಲಿ ಲೈಸೆನ್ಸ್ ಎಲ್ಲ ಇದ್ದರೂ ಮೆಲ್ಕಾರಿನ ತಿರುವಿನಲ್ಲಿ ಪೊಲೀಸರು ಕಂಡರೆ ಸ್ಕೂಟರಿನ ವೇಗ ತಾನಾಗಿ ಇಳಿಯುತ್ತದಲ್ಲ, ಹಾಗೆ.

"ಬೇಗ ಟೂಲ್ ಓಡಿಸಿ ಕಳಿಸುವ. ನಾವು ಸರಿ ಉಂಟಲ್ಲ, ಮತ್ತೆ ಎಂತ ಹೆದರಿಕೆ?" ಎಂದರು ಕಾಕ.

"ಸರಿ ಇರುವುದು ನಾವು. ಇವರು ಸರಿ ಇದ್ದಾರಾ ಅಂತ ಯಾರಿಗೆ ಗೊತ್ತು?" ಎಂದೆ ನಾನು. ನನಗೆ ಅದನ್ನು ಅಲ್ಲಿಯೇ ಅಳಿಸಿ ಹಾಕುವ ಮನಸ್ಸು. ಆದರೆ ನಿಜವಾದದ್ದಾಗಿದ್ದರೆ ಅಳಿಸುವುದೂ ತಪ್ಪು. ಹಾಗಾಗಿ ಟೂಲ್ ಇಳಿಸಿಕೊಳ್ಳುವುದೂ ಬೇಡ, ಅಳಿಸುವುದೂ ಬೇಡ, ಮೊದಲು ನೋಡುವ ಎಂದು ಕುಳಿತೆವು.

ಹಿಂದೆ ನವೀಕರಣದ ಬಿಲ್ ಬಂದ ಮೇಲ್ ಒಂದನ್ನು ಹುಡುಕಿ ತೆಗೆದು, ಎರಡನ್ನೂ ಅಕ್ಕಪಕ್ಕ ಇಟ್ಟೆ. ಕಳಿಸಿದವರ ವಿಳಾಸವನ್ನು ಕಾಕ ಮಗ್ಗಿ ಹೇಳಿದಂತೆ ಅಕ್ಷರ ಅಕ್ಷರವಾಗಿ ಓದಿದರು. ಕಂಪೆನಿಯ ಹೆಸರು ಸರಿಯಾಗಿಯೇ ಇತ್ತು. ಆದರೆ ಹೊಸ ಮೇಲ್‌ನಲ್ಲಿ ಹೆಸರಿನ ನಂತರ ಒಂದು ಸಣ್ಣ ಅಡ್ಡಗೆರೆ, ಅದಕ್ಕೆ ಅಂಟಿಕೊಂಡು 'ಆಡಿಟ್' ಎಂಬ ಪದ.

"ಇದಕ್ಕೆ ಬಾಲ ಉಂಟು ಮಾರಾಯ್ತಿ!" ಎಂದರು ಕಾಕ. ಮೇಡಂ ಹೋಗಿ ಮಾರಾಯ್ತಿ ಬಂದದ್ದರಿಂದ ಅವರಿಗೆ ಸ್ವಲ್ಪ ಉಸಿರು ಬಂದಿದೆ ಎಂದು ನನಗೆ ತಿಳಿಯಿತು.

ಬಿಲ್‌ನ ಮೇಲ್‌ನಲ್ಲಿ ನಮ್ಮ ಆಫೀಸಿನ ಹೆಸರಿತ್ತು, ಲೈಸೆನ್ಸಿನ ಸಂಖ್ಯೆಯಿತ್ತು. ಈ ಹೊಸದರಲ್ಲಿ ಬರೀ 'ಪ್ರಿಯ ಗ್ರಾಹಕರೇ'. ಸಂಶಯ ಬಲವಾಯಿತು. ಆದರೆ ಸಂಶಯವೇ ತೀರ್ಪಲ್ಲವಲ್ಲ. ಕಂಪೆನಿಯವರನ್ನೇ ಕೇಳುವ ಎಂದು ಹೊರಡುವಷ್ಟರಲ್ಲಿ ನನ್ನ ಮೊಬೈಲ್ ರಿಂಗಾಯಿತು.

ಹೆಂಗಸಿನ ದನಿ, ಇಂಗ್ಲಿಷಿನಲ್ಲಿ. ಅದೇ ಕಂಪೆನಿಯ ಲೈಸೆನ್ಸ್ ವಿಭಾಗದಿಂದ ಮಾತಾಡುತ್ತಿದ್ದೇನೆ, ನಮ್ಮ ಮೇಲ್ ತಲುಪಿತೇ ಎಂದು ಕೇಳಿದರು. ಮಾತು ನಯವಾಗಿಯೇ ಇತ್ತು. ಆದರೆ ಅವರ ಹಿಂದಿನಿಂದ ಪಾತ್ರೆಗಳು ಡಣಡಣ ಎನ್ನುತ್ತಿದ್ದವು. ಯಾರೋ "ಎರಡು ಚಾ, ಒಂದು ಸಕ್ಕರೆ ಇಲ್ಲದ್ದು!" ಎಂದು ಕೂಗಿದರು. ಬಸ್ಸಿನ ಹಾರ್ನ್ ಬೇರೆ. ನಾನು ಸ್ಪೀಕರ್ ಹಾಕಿದೆ. ಕಾಕ ಕಣ್ಣರಳಿಸಿ ನನ್ನ ಮುಖ ನೋಡಿದರು. ದೊಡ್ಡ ಕಂಪೆನಿಯ ಆಡಿಟ್ ವಿಭಾಗದಲ್ಲಿ ಸಕ್ಕರೆ ಇಲ್ಲದ ಚಾ ಕೂಗುವವರು ಯಾರು?

"ಮೇಲ್ ಬಂದದ್ದು ಉಂಟು," ಎಂದೆ ಕನ್ನಡದಲ್ಲಿ, ಬೇಕೆಂದೇ. ಕಳ್ಳರಾದರೆ ಕನ್ನಡ ಕೇಳಿ ತಡವರಿಸಲಿ ಎಂದು.

ಆ ಕಡೆ ದನಿಯೇ ಬದಲಾಯಿತು. "ಉಂಟು ಹೇಳಿದ್ರಲ್ಲ, ನೀವು ನಮ್ಮ ಕಡೆಯವರೇ! ಈರೆಗ್ ತುಳು ಬರ್ಪುಂಡಾ?"

ತುಳು ಬರುತ್ತದೆಯೇ ಎಂದು ತುಳುವಿನಲ್ಲೇ ಕೇಳಿದರೆ ನಮ್ಮ ಊರಿನವರು ಯಾರು ತಾನೇ ಗಟ್ಟಿಯಾಗಿ ಉಳಿದಾರು? ತನ್ನ ಹೆಸರು ತಿಳಿಸಿ, ತಾನು ಮುಂಡಾಜೆಯವಳು, ಕೆಲಸ ಕಂಪೆನಿಯದ್ದಾದರೂ ಮಾಡುವುದು ಮನೆಯಿಂದ, ತಾಯಿಯ ಹೋಟೆಲಿನ ಮೇಲಿನ ಕೋಣೆಯಲ್ಲಿ ಕುಳಿತು ಎಂದು ಅವರು ಹೇಳಿದರು. ಕಾಕ ಕರಗಿಯೇ ಹೋದರು. ಎರಡೂ ಕೈಯಲ್ಲಿ 'ಹೇಳು, ಹೇಳು, ಎಲ್ಲ ಹೇಳು' ಎಂದು ನನಗೆ ಸನ್ನೆ ಮಾಡತೊಡಗಿದರು.

ನನಗೂ ಮನಸ್ಸು ಮೆತ್ತಗಾಗಿತ್ತು. ಅದಕ್ಕೇ ಹೆದರಿಕೆಯಾಯಿತು. "ಅಕ್ಕ, ಬೇಜಾರು ಮಾಡ್ಬೇಡಿ," ಎಂದೆ. "ತುಳು ನಮಗೆಲ್ಲ ಬರ್ತದೆ, ಕಳ್ಳರಿಗೂ ಬರ್ತದೆ. ನಾನೀಗ ಫೋನ್ ಇಡ್ತೇನೆ. ಕಂಪೆನಿಯ ವೆಬ್‌ಸೈಟಿನಲ್ಲಿರುವ ನಂಬರಿಗೆ ನಾನೇ ಮಾಡಿ ಕೇಳ್ತೇನೆ. ನೀವು ಹೌದಾದರೆ ಅಲ್ಲಿ ಸಿಕ್ತೀರಲ್ಲ?"

ಕಾಕ ಹಣೆ ಚಚ್ಚಿಕೊಂಡರು. ಆ ಕಡೆಯಿಂದ ಮಾತ್ರ ನಗು ಕೇಳಿಸಿತು. "ಹಾಗೇ ಮಾಡಿ. ನಾನು ಕೊಡುವ ನಂಬರ್ ಬೇಡ, ನೀವೇ ಹುಡುಕಿ ಮಾಡಿ. ಅದೇ ಸರಿ."

ಫೋನ್ ಇಟ್ಟ ಮೇಲೆ ಕಾಕ ಎಂದರು, "ಪಾಪ, ಮುಂಡಾಜೆಯ ಹೆಂಗಸಿಗೆ ನೀನು ಮುಖಕ್ಕೇ ಕಳ್ಳಿ ಅಂದೆಯಲ್ಲ."

"ಅನ್ನಲಿಲ್ಲ. ಇರಬಹುದು ಅಂದೆ."

"ಅದೇನು ಕಡಿಮೆಯಾ?"

ಕಂಪೆನಿಯ ವಿಳಾಸವನ್ನು ನಾನೇ ಟೈಪ್ ಮಾಡಿ ವೆಬ್‌ಸೈಟ್ ತೆರೆದೆ. ಅಲ್ಲಿದ್ದ ನಂಬರಿಗೆ ಮಾಡಿದರೆ ಸಂಗೀತ. ಒಂದನ್ನು ಒತ್ತಿ, ಎರಡನ್ನು ಒತ್ತಿ, ಪುನಃ ಸಂಗೀತ. ಕಾಕ ಕೆಳಗಿಳಿದು ಹೋಗಿ ಇಬ್ಬರಿಗೂ ಚಾ ತಂದರೂ ಸಂಗೀತ ಮುಗಿದಿರಲಿಲ್ಲ. ಕೊನೆಗೆ ಒಬ್ಬರು ಸಿಕ್ಕಿದರು. ನಮ್ಮ ಲೈಸೆನ್ಸಿನ ಸಂಖ್ಯೆ ಕೇಳಿ, ನೋಡಿ, ಹೇಳಿದರು: ಹೌದು, ನಿಮ್ಮ ಆಫೀಸಿನ ಪರಿಶೀಲನೆ ನಡೆಯಲಿಕ್ಕಿದೆ, ನಿಮಗೆ ಮೇಲ್ ಕಳಿಸಿ ಕೆಲವು ದಿನಗಳಾದವು.

ಕಾಕ 'ನೋಡು' ಎಂಬಂತೆ ಹುಬ್ಬು ಹಾರಿಸಿದರು.

"ಹಾಗಾದರೆ ಆ ಟೂಲ್ ಇಳಿಸಿಕೊಳ್ಳುವುದಾ?" ಎಂದು ಕೇಳಿದೆ.

"ಯಾವ ಟೂಲ್?" ಎಂದರು ಅವರು. "ನಾವು ಯಾವ ಟೂಲನ್ನೂ ಕಳಿಸಿಲ್ಲವಲ್ಲ. ನಿಮ್ಮ ಸ್ಪ್ಯಾಮ್ ಪೆಟ್ಟಿಗೆ ನೋಡಿದಿರಾ?"

ನೋಡಿದೆವು. ವಿದೇಶದ ಲಾಟರಿ, ಕೂದಲು ಬೆಳೆಯುವ ಎಣ್ಣೆ, ಯಾವುದೋ ರಾಜಕುಮಾರನ ಆಸ್ತಿ, ಇವುಗಳ ನಡುವೆ ಬಾಲವಿಲ್ಲದ ವಿಳಾಸದಿಂದ ಬಂದ ಒಂದು ಸಭ್ಯ ಮೇಲ್ ಕುಳಿತಿತ್ತು. ನಮ್ಮ ಆಫೀಸಿನ ಹೆಸರಿತ್ತು, ಸಂಖ್ಯೆ ಇತ್ತು, ಕೆಂಪು ಅಕ್ಷರ ಇರಲಿಲ್ಲ. 'ನಿಮಗೆ ಅನುಕೂಲವಾದ ದಿನ ತಿಳಿಸಿ' ಎಂದಿತ್ತು. ಕೆಳಗೆ ಮುಂಡಾಜೆಯ ಆ ಹೆಂಗಸಿನ ಹೆಸರು. ಮೇಲ್ ಎರಡು! ಕಳ್ಳನನ್ನು ಒಳಗೆ ಕರೆದು ಚಾವಡಿಯಲ್ಲಿ ಕುಳ್ಳಿರಿಸಿ, ನೆಂಟರನ್ನು ಕೊಟ್ಟಿಗೆಯಲ್ಲಿ ಕಾಯಿಸಿದ ಹಾಗಾಗಿತ್ತು ನಮ್ಮ ಮನೆಯ ಮರ್ಯಾದೆ.

ಕಾಕ ಮೊದಲು ನಕ್ಕರು. ಆಮೇಲೆ ನಾನು. ನಗು ನಿಲ್ಲದೆ ಟಯರ್ ಅಂಗಡಿಯವರು ಕೆಳಗಿನಿಂದ "ಎಂತ ಆಯ್ತು ಮೇಲೆ?" ಎಂದು ಕೂಗಿ ಕೇಳಿದರು.

ಆ ಕಂಪೆನಿಯವರೇ ನಮ್ಮ ಕರೆಯನ್ನು ಆಕೆಗೆ ದಾಟಿಸಿದರು. "ಸಿಕ್ಕಿದೆನಾ?" ಎಂದು ತುಳುವಿನಲ್ಲೇ ಕೇಳಿದರು ಆಕೆ. ನಾನು ಮೊದಲು ಕ್ಷಮೆ ಕೇಳಿದೆ.

"ಕ್ಷಮೆ ಎಂತಕ್ಕೆ? ನೀವು ಮರ್ಯಾದೆಯಿಂದ ಸಂಶಯಪಟ್ಟಿರಿ. ಕೆಲವರು ನನಗೆ ಅರ್ಧ ಗಂಟೆ ಬುದ್ಧಿ ಹೇಳ್ತಾರೆ, ಒಳ್ಳೆಯ ಕೆಲಸ ಮಾಡಿ ಬದುಕಮ್ಮ ಅಂತ. ಹಿಂದಿನಿಂದ ಪಾತ್ರೆಯ ಸೌಂಡು ಬೇರೆ."

ಬಾಲದ ಮೇಲ್‌ನ ವಿಷಯ ಹೇಳಿದಾಗ ಅವರ ನಗು ನಿಂತಿತು. ಅದನ್ನು ಹಾಗೆಯೇ ತಮ್ಮ ಕಂಪೆನಿಯ ವಿಳಾಸಕ್ಕೆ ಕಳಿಸಲು ಹೇಳಿದರು. ಇಂಥದ್ದನ್ನು ಒಬ್ಬರಿಗೇ ಕಳಿಸುವುದಿಲ್ಲ, ಊರಿಗೆಲ್ಲ ಬಲೆ ಬೀಸುತ್ತಾರೆ, ನಿಮ್ಮ ಗುರುತಿನವರಿಗೂ ಬಂದಿರಬಹುದು ಎಂದರು.

ನನಗೆ ಥಟ್ಟನೆ ಮೂಡಬಿದ್ರೆಯ ನನ್ನ ಸೋದರಮಾವ ನೆನಪಾದರು. ಅವರದ್ದು ಪ್ರಿಂಟಿಂಗ್ ಪ್ರೆಸ್. ಮದುವೆಯ ಕಾಗದ, ಯಕ್ಷಗಾನದ ಹ್ಯಾಂಡ್‌ಬಿಲ್ ಎಲ್ಲ ಅಲ್ಲಿಯೇ. ಕೂಡಲೇ ಅವರಿಗೆ ಫೋನ್ ಮಾಡಿದೆ.

"ಮಾವ, ಲೈಸೆನ್ಸ್ ಆಡಿಟ್ ಅಂತ ಏನಾದರೂ ಮೇಲ್ ಬಂದಿದೆಯಾ?"

"ಬಂದಿದೆ ಮಗಳೇ. ಟೂಲ್ ಇಳಿಸಿಯಾಯ್ತು. ಈಗ ಓಡಿಸ್ಲಿಕ್ಕೆ ಹೊರಟದ್ದು."

"ಮುಟ್ಬೇಡಿ! ಮೌಸಿನಿಂದ ಕೈ ತೆಗೀರಿ!"

"ತೆಗೆದೆ," ಎಂದರು ಮಾವ. ಅವರ ಕೈ ಆಕಾಶದತ್ತ ಎದ್ದದ್ದು ನನಗೆ ಕಂಡಂತೆಯೇ ಆಯಿತು. ಕಳಿಸಿದವರ ವಿಳಾಸ ಓದಿ ಹೇಳಿ ಎಂದೆ. ಓದಿದರು. ಅದೇ ಬಾಲ.

"ಆದರೆ ಮಾವ, ನೀವು ಆ ಕಂಪೆನಿಯ ಸಾಫ್ಟ್‌ವೇರ್ ಇಟ್ಟುಕೊಂಡಿದ್ದೀರಾ?"

"ಇಲ್ಲ ಮಗಳೇ. ನಮ್ಮ ಪ್ರೆಸ್ಸಿನಲ್ಲಿ ಅವರದ್ದು ಒಂದೂ ಇಲ್ಲ. ಆದರೆ ಅಷ್ಟು ಗಟ್ಟಿ ಇಂಗ್ಲಿಷಿನಲ್ಲಿ ಬರೆದ ಮೇಲೆ ಇಲ್ಲ ಅಂತ ಹೇಳುವುದು ಹೇಗೆ?"

ಸ್ಪೀಕರಿನಲ್ಲಿ ಕೇಳುತ್ತಿದ್ದ ಕಾಕ ಕುರ್ಚಿಯಿಂದ ಬೀಳುವುದೊಂದು ಬಾಕಿ. ಮಾವ ಆ ಕಡತವನ್ನು ಅಳಿಸಿ, ಕಂಪ್ಯೂಟರ್ ರಿಪೇರಿಯವರನ್ನು ಕರೆಸಿ ಎಲ್ಲ ಪರೀಕ್ಷೆ ಮಾಡಿಸಿದರು. ಯಾವ ಹಾನಿಯೂ ಆಗಿರಲಿಲ್ಲ. ಸಂಜೆಯ ಹೊತ್ತಿಗೆ ಮೂಡಬಿದ್ರೆಯ ಅಂಗಡಿಯವರ ವಾಟ್ಸ್ಯಾಪ್ ಗುಂಪಿನಲ್ಲೆಲ್ಲ ಮಾವನ ದನಿ ಹರಿದಾಡುತ್ತಿತ್ತು: "ಬಾಲ ನೋಡಿ, ಬಾಲ!"

ನಮ್ಮ ನಿಜವಾದ ಆಡಿಟ್ ಸುಸೂತ್ರವಾಗಿ ನಡೆಯಿತು. ಯಾವ ಕಂಪ್ಯೂಟರಿನಲ್ಲಿ ಯಾವ ಲೈಸೆನ್ಸ್ ಎಂದು ಬರೆದು ಕಳಿಸಿದೆವು, ಆಕೆ ತಾಳೆ ನೋಡಿ, ಎಲ್ಲ ಸರಿ ಇದೆ ಎಂದು ಮೇಲ್ ಕಳಿಸಿದರು. ಈ ಸಲ ಅದು ನೇರ ಚಾವಡಿಗೇ ಬಂತು. ಕಾಕ ಟಯರ್ ಅಂಗಡಿಯವರಿಗೂ ಸೇರಿಸಿ ಗೋಳಿಬಜೆ ತರಿಸಿದರು.

ಆ ಮೇಲೆ ತುಂಬ ದಿನ ಕಳೆದು ಆಕೆಯ ಫೋನ್ ಬಂತು. ಹಿಂದೆ ಅದೇ ಪಾತ್ರೆಗಳ ಸದ್ದು. "ನಿಮ್ಮ ಕೇಸು ಮುಗಿಯದೆ ಇದನ್ನು ಹೇಳುವ ಹಾಗಿರಲಿಲ್ಲ. ಈಗ ಹೇಳ್ತೇನೆ. ರಸ್ತೆ ಅಗಲ ಮಾಡುವಾಗ ಹೋಟೆಲಿನ ಮುಂದಿನ ಜಗಲಿ ಹೋಯಿತು. ಅಮ್ಮನಿಗೆ ಹಿಂದಕ್ಕೆ ಹೋಟೆಲು ಬೆಳೆಸಬೇಕು. ನನಗೆ ಅದರಾಚೆ ಸದ್ದು ಬಾರದ ಒಂದು ಕೋಣೆ ಬೇಕು. ನೀವೇ ಪ್ಲಾನ್ ಹಾಕಿ ಕೊಡ್ಬೇಕು."

ಒಂದು ಭಾನುವಾರ ನಾವಿಬ್ಬರೂ ಬೆಳ್ತಂಗಡಿ ದಾಟಿ ಮುಂಡಾಜೆಗೆ ಹೋದೆವು. ಚಾರ್ಮಾಡಿಯ ಕಡೆಯಿಂದ ಇಳಿದ ಬಸ್ಸೊಂದು ಹೋಟೆಲಿನ ಎದುರು ನಿಂತಿತ್ತು, ಒಳಗೆ ಕಾಲಿಡಲು ಜಾಗವಿರಲಿಲ್ಲ. ಸೊಂಟಕ್ಕೆ ಸೆರಗು ಬಿಗಿದ ತಾಯಿ ಒಂದು ಕೈಯಲ್ಲಿ ಬನ್ಸ್ ತೆಗೆಯುತ್ತ, ಇನ್ನೊಂದು ಕೈಯಲ್ಲಿ ಚಾ ಎತ್ತಿ ಹೊಯ್ಯುತ್ತ ಇದ್ದರು. ಮಗಳು ಓಡಿ ಬಂದು ನನ್ನ ಕೈ ಹಿಡಿದಳು. ದನಿಗಿಂತ ತುಂಬ ಚಿಕ್ಕವಳು. 'ಅಕ್ಕ' ಎಂದು ಕರೆದದ್ದಕ್ಕೆ ನನಗೇ ನಾಚಿಕೆಯಾಯಿತು.

ತಾಯಿ ನನ್ನನ್ನು ಮೇಲಿಂದ ಕೆಳಗೆ ನೋಡಿದರು. "ನನ್ನ ಮಗಳನ್ನು ನಂಬುದಿಲ್ಲ ಅಂತ ಹೇಳಿದ್ದು ನೀವಾ?"

ಕಾಕ ಬೇಗನೆ ನನ್ನತ್ತ ಬೆರಳು ತೋರಿಸಿ, "ಇವರೇ ಅಮ್ಮ, ನಾನಲ್ಲ," ಎಂದರು.

"ಒಳ್ಳೆಯದಾಯ್ತು," ಎಂದರು ಆ ತಾಯಿ. "ಇವಳ ಜೊತೆ ಕೆಲಸ ಮಾಡುವವರು ಹೀಗೇ ಇರ್ಬೇಕು. ಮೊದಲು ಕೂತುಕೊಳ್ಳಿ, ತಿನ್ನಿ. ಅಳತೆ ಆಮೇಲೆ."

ತಿಂದೆವು. ಬನ್ಸ್, ಕಡಲೆ ಗಸಿ, ಅದರ ಮೇಲೆ ನೀರುದೋಸೆ. ಕಾಕ ಸಾಕು ಎಂದಾಗಲೆಲ್ಲ ಆ ತಾಯಿಗೆ ಕಿವಿ ಕೇಳಿಸುತ್ತಿರಲಿಲ್ಲ. ಬಸ್ಸು ಹೊರಟು ಸ್ವಲ್ಪ ಬಿಡುವಾದ ಮೇಲೆ ಹಿತ್ತಿಲಿಗೆ ಹೋಗಿ ಅಳತೆಗೆ ಇಳಿದೆವು. ಟೇಪಿನ ತುದಿಯನ್ನು ಮಗಳು ಹಿಡಿದುಕೊಂಡಳು, ಕಾಕ ಬರೆದುಕೊಂಡರು. ಅಡುಗೆ ಕೋಣೆಯ ಹಿಂದೆ ಉಗ್ರಾಣ, ಉಗ್ರಾಣದ ಹಿಂದೆ ಇವಳ ಕೋಣೆ ಎಂದು ನಾನು ನೆಲದಲ್ಲಿ ಕಡ್ಡಿಯಿಂದ ಗೆರೆ ಎಳೆದು ತೋರಿಸಿದೆ. ನಡುವೆ ಅಕ್ಕಿ ಮೂಟೆಗಳಿದ್ದರೆ ಸದ್ದು ದಾಟುವುದಿಲ್ಲ. ತಾಯಿ ಗೆರೆಗಳ ಒಳಗೇ ನಡೆದು ನೋಡಿದರು. ಕಲ್ಪನೆಯ ಬಾಗಿಲಲ್ಲಿ ತಲೆ ತಗ್ಗಿಸಿ ಹೊರಬಂದರು.

ಗೋಡೆಗಳೆದ್ದು ಮೇಲಿನ ಸ್ಲ್ಯಾಬಿಗೆ ಕಾಂಕ್ರೀಟ್ ಹಾಕಿದ ದಿನ ನಾವು ಬೆಳಿಗ್ಗೆಯೇ ಅಲ್ಲಿದ್ದೆವು. ಮೂಡಬಿದ್ರೆಯ ಮಾವನೂ ಕುತೂಹಲ ತಡೆಯಲಾರದೆ ನಮ್ಮ ಕಾರಿನಲ್ಲಿ ಬಂದಿದ್ದರು. ಮಗಳು ರಜೆ ಹಾಕಿ ಕೆಲಸದವರಿಗೆಲ್ಲ ಬಾಳೆಲೆ ಹಾಸುತ್ತಿದ್ದಳು. ಮಿಕ್ಸರಿನ ಸದ್ದು ನಿಂತ ಮೇಲೆ ಹಸಿ ಕಾಂಕ್ರೀಟಿನ ವಾಸನೆಯ ನಡುವೆ ಎಲ್ಲರೂ ಸಾಲಾಗಿ ಊಟಕ್ಕೆ ಕುಳಿತೆವು. ತಾಯಿ ಹೆಸರುಬೇಳೆಯ ಪಾಯಸದ ಕೊಪ್ಪರಿಗೆಯನ್ನು ತಾವೇ ಹೊತ್ತು ತಂದರು. ಮಾವ ಎಲೆಗೆ ಅಡ್ಡ ಕೈ ಹಿಡಿದರು. ತಾಯಿ ಆ ಕೈಯನ್ನು ಸೌಟಿನಿಂದಲೇ ಪಕ್ಕಕ್ಕೆ ಸರಿಸಿ ತುಂಬ ಬಡಿಸಿದರು.