ಹತ್ತಕ್ಕೆ ಒಂಬತ್ತೂವರೆ

ದೊಡ್ಡನೆಕ್ಕುಂದಿಯ ಮಲ್ಲಿಕ್ ಅವರ ಮುಂದೆ ಹಳೆಯ ಕಾಮಿಕ್ಸ್ ಇಟ್ಟು ಕೂರುವುದೆಂದರೆ, ಮಗಳ ಜಾತಕ ಕೊಟ್ಟು ಜೋಯಿಸರ ಮುಖ ನೋಡುತ್ತ ಕೂತಂತೆ. ಭಾನುವಾರ ಅವರ ಫ್ಲಾಟಿಗೆ ಬರುವ ಸಂಗ್ರಾಹಕರಿಗೆ ಮೊದಲು ಸಿಗುವ ಮಾತೇ, "ಫ್ಯಾನ್ ಆಫ್ ಮಾಡಿ ಸಾರ್, ಉಸಿರು ಆ ಕಡೆ ಬಿಡಿ." ಆಮೇಲೆ ಪುಸ್ತಕವನ್ನು ಹಸುಗೂಸಿನಂತೆ ಅಂಗೈ ಮೇಲೆ ಮಲಗಿಸಿ, ಬೆನ್ನು ಸವರಿ, ಪಿನ್ನಿನ ತುಕ್ಕು ನೋಡಿ, ಹಾಳೆ ಮೂಸಿ, ಎಷ್ಟು ಕೆಡದೆ ಉಳಿದಿದೆ ಎಂಬುದನ್ನು ಅಳೆದು ಹತ್ತಕ್ಕೆ ಇಷ್ಟು ಎಂದು ಅಂಕ ಕೊಡುತ್ತಾರೆ. "ಇದನ್ನ ದಿಂಬಿನಡಿ ಇಟ್ಕೊಂಡು ಮಲಗಿದೀರಿ, ನಾಲ್ಕು!" ಎಂದರೆ ಬಂದವರು ನಾಚಿ ಒಪ್ಪಿಕೊಳ್ಳುತ್ತಾರೆ. ಈ ಚಟ ಊಟಕ್ಕೂ ಹಬ್ಬಿದೆ. ಜೋಳದ ರೊಟ್ಟಿಯ ಅಂಚು ಸೀಳಿದ್ದರೆ ಅರ್ಧ ಅಂಕ ಕಡಿತ, ಆಗ ಹೆಂಡತಿ ಸೌಮ್ಯಾ ತಟ್ಟೆಯನ್ನೇ ಎತ್ತಿಕೊಂಡು ಹೋಗುವುದೂ ಉಂಟು. ಇಂಥ ಮಲ್ಲಿಕ್ ವರ್ಷಗಟ್ಟಲೆ ಹುಡುಕಿ, ಮೊನ್ನೆ ತಮಗೇ ಅಂತ ಒಂದು ಮಕ್ಕಳ ಕಾಮಿಕ್ಸ್ ತಂದರು. ಒಂಬತ್ತೂವರೆ! ಹಾಲ್ ತುಂಬ ಕುಣಿದಾಡಿದರು. ಅದರ ಕೊನೆಯ ಪುಟದಲ್ಲಿ, ನರಿಗೆ ಸಿಗದಂತೆ ಗೆರೆ ಎಳೆದು ಮೊಲವನ್ನು ಮನೆ ಸೇರಿಸುವ ದಾರಿ ಹುಡುಕುವ ಆಟವಿತ್ತು, ಯಾರೂ ಗೀಚಿರಲಿಲ್ಲ. ಚಿಕ್ಕಂದಿನಲ್ಲಿ ಅವರ ಕೈಗೆ ಬಂದದ್ದೆಲ್ಲ ಸೆಕೆಂಡ್ ಹ್ಯಾಂಡ್ ಪುಸ್ತಕ. ಪ್ರತಿ ಸಲವೂ ಯಾರೋ ಮೊದಲೇ ಮೊಲವನ್ನು ಮನೆ ಮುಟ್ಟಿಸಿಬಿಟ್ಟಿರುತ್ತಿದ್ದರು. ಮಲ್ಲಿಕ್ ಅಡುಗೆಮನೆಯ ಕಡೆ ಒಮ್ಮೆ ನೋಡಿ, ಪೆನ್ನು ತೆಗೆದು, ನಾಲಿಗೆ ಕಚ್ಚಿಕೊಂಡು ಗೆರೆ ಎಳೆಯತೊಡಗಿದರು. ಆಚೆ ಬಂದ ಸೌಮ್ಯಾ ಹೌಹಾರಿದರು. "ಅಯ್ಯೋ, ಪೆನ್ನಲ್ಲಾ? ಇದ್ದಬದ್ದ ಅಂಕ ಎಲ್ಲಾ ಹೋಯ್ತಲ್ರೀ!" "ಒಂದ್ನಿಮಿಷ ಸುಮ್ನಿರೇ," ಎಂದರು ಮಲ್ಲಿಕ್, ತಲೆಯೆತ್ತದೆ. "ಮುಂದೆ ನರಿ ಇದೆ."