ಅಕ್ಕ ಇಲ್ಲವೆಂದು ಬರೆದೆ

ನನಗೆ ಒಬ್ಬಳು ಅಕ್ಕ ಇದ್ದಾಳೆ. ಇಲ್ಲವೆಂದು ಬರೆದು, ಸಹಿ ಹಾಕಿ ಕೆಲಸಕ್ಕೆ ಸೇರಿದವಳು ನಾನು.

ಬಿಡದಿ ಸುತ್ತ ಕಾರ್ಖಾನೆಗಳು ಏಳುತ್ತಿದ್ದ ಕಾಲ. ಸೈನ್ಯಕ್ಕೆ ಉಪಕರಣ ತಯಾರಿಸುವ ಒಂದು ಕಾರ್ಖಾನೆಯಲ್ಲಿ ನನಗೆ ಕೆಲಸ ಸಿಕ್ಕಿತ್ತು — ಪೊಲೀಸ್ ವಿಚಾರಣೆ ಮುಗಿಯಬೇಕು, ಅಷ್ಟೇ. ಫಾರ್ಮಿನಲ್ಲಿ ಒಂದು ಪ್ರಶ್ನೆ: ಹತ್ತಿರದ ಸಂಬಂಧಿಕರಲ್ಲಿ ಯಾರಾದರೂ ಬೇರೆ ದೇಶದ ಪ್ರಜೆಗಳೇ?

ಭಾಗ್ಯಕ್ಕ ನಮ್ಮೂರಿಂದ ಚನ್ನಪಟ್ಟಣಕ್ಕೆ ಹೋಗಿ ಗೊಂಬೆಗಳಿಗೆ ಅರಗಿನ ಬಣ್ಣ ಹಾಕುತ್ತಿದ್ದಳು. ಗೊಂಬೆ ಕೊಳ್ಳಲು ಬಂದ ಜರ್ಮನಿಯವನನ್ನು ಮದುವೆಯಾಗಿ ಹೋದಳು. ಆಮೇಲೆ ಅಲ್ಲಿನ ಪ್ರಜೆಯಾದಳು. ನಮ್ಮಲ್ಲಿ ಎರಡು ದೇಶದ ಪೌರತ್ವಕ್ಕೆ ಅವಕಾಶವಿಲ್ಲ. ಇಲ್ಲಿನ ಪಾಸ್‌ಪೋರ್ಟ್ ಹಿಂದಿರುಗಿಸಿ ಬಹಳ ಅತ್ತಿದ್ದಳಂತೆ.

ಅವಳ ಹೆಸರು ಬರೆದರೆ ಕೆಲಸ ಹೋಗುತ್ತದೆಂದು ಯಾರೂ ನನಗೆ ಹೇಳಿರಲಿಲ್ಲ. ನಾನೇ ಅಂದುಕೊಂಡೆ. 'ಇಲ್ಲ' ಎಂದು ಬರೆದೆ. ಒಡಹುಟ್ಟಿದವರ ಕಾಲಮ್ಮಿನಲ್ಲೂ — ಇಲ್ಲ.

ಪೇದೆ ವಿಚಾರಣೆಗೆ ಬಂದ ದಿನ ಅಕ್ಕ ಮನೆಯಲ್ಲೇ ಇದ್ದಳು, ರಜೆಗೆ ಬಂದಿದ್ದಳು. ಅವ್ವನ ಜೊತೆ ಕೂತು ಅವರೆಕಾಯಿ ಸುಲಿಯುತ್ತಿದ್ದಳು. ನಾವು ನಮ್ಮೂರು ಹೊಂಗನೂರಿನಿಂದ ಚನ್ನಪಟ್ಟಣದ ಬಾಡಿಗೆ ಮನೆಗೆ ಬಂದು ಕೆಲವೇ ತಿಂಗಳಾಗಿತ್ತು. ಅಕ್ಕಪಕ್ಕದವರಿಗೆ ಅವಳು ಯಾರೆಂದು ಗೊತ್ತಿರಲಿಲ್ಲ.

"ಇವ್ರು ಯಾರಮ್ಮ?" ಎಂದ ಪೇದೆ.

"ಗೊಂಬೆ ಮಾಡ್ಸಕ್ಕೆ ಬಂದವ್ರೆ ಸಾರ್" ಎಂದೆ ನಾನು.

ಅವ್ವ ತಲೆ ಎತ್ತಲಿಲ್ಲ. ಅಕ್ಕ ನನ್ನನ್ನೊಮ್ಮೆ ನೋಡಿ, "ಹೂಂ ಸಾರ್, ಒಸಿ ಗೊಂಬೆ ಬೇಕಾಗಿತ್ತು" ಎಂದಳು.

ಪೇದೆ ಬರೆದುಕೊಂಡು ಹೋದ. "ಕೆಲ್ಸ ಸಿಕ್ತದೆ ಬುಡು" ಎಂದಳು ಅಕ್ಕ. ತಿಂಗಳು ಇರಲು ಬಂದವಳು ಮೂರನೇ ದಿನ ಹೊರಟಳು.

ಅಷ್ಟಕ್ಕೇ ನಿಂತಿದ್ದರೆ… ಆರು ವರ್ಷದ ಮೇಲೆ ಅವ್ವ ತೀರಿಕೊಂಡಳು. ಅಕ್ಕ ಫೋನಿನಲ್ಲಿ ಅಳುತ್ತಾ, "ಹನ್ನೊಂದ್ನೇ ದಿನದ ಕಾರ್ಯಕ್ಕಾದ್ರೂ ಬತ್ತೀನಿ ಕಣೇ" ಎಂದಳು.

"ಫ್ಯಾಕ್ಟ್ರಿಯೋರೆಲ್ಲ ಬತ್ತಾರೆ ಅಕ್ಕ" — ನಾನು ಹೇಳಿದ್ದು ಇಷ್ಟೇ.

ಅವಳು ಬರಲಿಲ್ಲ.

ಹೋದ ತಿಂಗಳು ಊಟದ ಹೊತ್ತಿನಲ್ಲಿ ನನ್ನ ವಿಭಾಗದವಳೊಬ್ಬಳು ಮಾತಿಗೆ ಹೇಳಿದಳು: "ನಮ್ಮಣ್ಣ ಕೆನಡಾದ ಪ್ರಜೆ ಕಣ್ರೀ. ಫಾರ್ಮಲ್ಲಿ ಬರ್ದಿದ್ದೆ. ಇನ್ನೊಂದ್ಸಲ ವಿಚಾರ್ಸುದ್ರು, ಒಸಿ ತಡ ಆಯ್ತು, ಅಷ್ಟೇಯ." ಮನೆಗೆ ಬಂದು ಫಾರ್ಮಿನ ನಕಲು ತೆಗೆದು ಓದಿದೆ. ಸಂಬಂಧಿಕರು ಬೇರೆ ದೇಶದ ಪ್ರಜೆಗಳಾಗಿದ್ದರೆ ಕೆಲಸಕ್ಕೆ ಅನರ್ಹರೆಂದು ಆ ಫಾರ್ಮಿನಲ್ಲಿ ಎಲ್ಲೂ ಇರಲಿಲ್ಲ. ಮುಚ್ಚಿಟ್ಟರೆ ಅನರ್ಹರೆಂದು ಇತ್ತು. ಅದರ ಕೆಳಗೇ ನಾನು ಸಹಿ ಹಾಕಿದ್ದೆ.

ನಿನ್ನೆ ಭದ್ರತಾ ಅಧಿಕಾರಿಗೆ ಎಲ್ಲವನ್ನೂ ಬರೆದು ಕೊಟ್ಟೆ. ಓದಿ, "ಮೇಲಿನೋರಿಗೆ ಕಳಿಸ್ತೀನಿ" ಎಂದರು. ಕೆಲಸ ಉಳಿಯುವುದೋ ಇಲ್ಲವೋ ತಿಳಿಯದು. ಭಯವಾಗಿದೆ.

ಸಂಜೆ ಅಕ್ಕನಿಗೆ ಫೋನ್ ಮಾಡಿ ಹೇಳಿದೆ.

"ಈಗ್ಯಾಕೆ ಬರ್ದೆ ಕಣೇ? ಅವ್ವನೇ ಇಲ್ವಲ್ಲ."