ಗಾಳಿ ಹೊಕ್ಕ ಕಾರು

ಎಪ್ಪತ್ತರ ದಶಕದ ಮಾತು. ಬಳ್ಳಾರಿಯಲ್ಲಿ ಮೆಕ್ಯಾನಿಕ್ ಆಗಿದ್ದ ನನ್ನನ್ನು ಸಿರಿಗೇರಿಯ ಗೌಡರೊಬ್ಬರು ಕರೆಸಿದರು. ಅವರ ಹಳೇ ಕಾರು ನಿಂತಲ್ಲೇ ಐಡ್ಲಿಂಗಿನಲ್ಲಿ ಗಡಗಡ ನಡುಗಿ ಆರಿಹೋಗುತ್ತಿತ್ತು. ಮಗಳಿಗೆ ಗಂಡು ನೋಡಲು ಮಧ್ಯಾಹ್ನ ಮನೆಯವರೆಲ್ಲ ಅದರಲ್ಲೇ ಬಳ್ಳಾರಿಗೆ ಹೊರಡಬೇಕು. ನನ್ನನ್ನೂ ಕೂರಿಸಿಕೊಂಡು ಹೋಗುವುದೆಂದು ಮಾತಾಗಿತ್ತು.

ಕಾರ್ಬುರೇಟರಿನ ಸ್ಕ್ರೂ ತಿರುಗಿಸಿದೆ, ಟೈಮಿಂಗ್ ಹಿಂದೆಮುಂದೆ ಮಾಡಿದೆ. ನಡುಕ ನಿಲ್ಲಲಿಲ್ಲ. ಕಿವಿಗೊಟ್ಟರೆ ಎಲ್ಲೋ ಸುಯ್ ಅನ್ನುವ ಸದ್ದು. ವ್ಯಾಕ್ಯೂಮಿನ ರಬ್ಬರ್ ಪೈಪು ಸೀಳಿ, ಎಂಜಿನ್ನಿಗೆ ಬೇಡದ ಗಾಳಿ ನುಗ್ಗುತ್ತಿತ್ತು. ಬೆರಳಿಂದ ಒತ್ತಿ ಹಿಡಿದೆ, ಎಂಜಿನ್ ಹದಕ್ಕೆ ಬಂತು.

"ಏನಾಗೈತಿ?" ಅಂದರು ಗೌಡರ ತಾಯಿ.

"ಗಾಳಿ ಹೊಕ್ಕೈತ್ರಿ ಅಮ್ಮಾರ."

ಅಮ್ಮನ ಮುಖ ಬಿಳಿಚಿಕೊಂಡಿತು. "ಹೊತ್ತು ಮುಳುಗಿದ ಮ್ಯಾಲೆ ಸುಡುಗಾಡು ದಾರಿ ಹಿಡಿಬ್ಯಾಡಂತ ಎಷ್ಟು ಸಲ ಹೇಳೀನಿ" ಎಂದು ಮಗನನ್ನು ಬೈಯುತ್ತಾ ಒಳಗೆ ಹೋದರು. ನಾನು ಹೇಳಿದ್ದು ಬರೀ ಗಾಳಿ, ಅವರಿಗೆ ಕೇಳಿಸಿದ್ದು ದೆವ್ವ. ಬಿಡಿಸಿ ಹೇಳುವಷ್ಟರಲ್ಲಿ ನಿಂಬೆಹಣ್ಣು ಬಂತು.

ಚೀಲದಲ್ಲಿದ್ದ ಬೇರೊಂದು ಪೈಪಿನ ತುಂಡನ್ನು ಸದ್ಯಕ್ಕೆಂದು ನಾನು ಸಿಕ್ಕಿಸುವುದಕ್ಕೂ ಅವರು ಬಾನೆಟ್ಟಿಗೆ ನಿವಾಳಿಸಿ ಮುಗಿಸುವುದಕ್ಕೂ ಸರಿಹೋಯಿತು. ಎಂಜಿನ್ ಹೊಲಿಗೆ ಮಿಷನ್ನಿನಂತೆ ಓಡತೊಡಗಿತು.

"ಎಲ್ಲಿ ಹೊಕ್ಕಿತ್ತಪ್ಪಾ?" ಅಂದರು ಅಮ್ಮ.

ಸೀಳಿದ ಪೈಪು ತೋರಿಸಿದೆ. ನಿಂಬೆಹಣ್ಣಿನ ಜೊತೆ ಅದನ್ನೂ ಮೂರು ದಾರಿ ಕೂಡುವಲ್ಲಿಗೆ ಒಯ್ದು ಎಸೆದು ಬಂದರು.

ಹೊಸ ಪೈಪು ಕೊಳ್ಳಲು ನನಗೆ ಅಳತೆಗೆ ಅದೇ ಬೇಕಿತ್ತು. ಹೋಗಿ ಹೆಕ್ಕಿ ಜೇಬಿಗೆ ಹಾಕಿಕೊಂಡು ಬಂದೆ. ಕಾರಿನಲ್ಲಿ ಕೂತವರೆಲ್ಲ ನನ್ನ ಜೇಬನ್ನೇ ನೋಡಿದರು.

"ನೀವು ಬಸ್ಸಿಗೆ ಬರ್ರಿ" ಅಂದರು ಗೌಡರು, ಮೆಲ್ಲಗೆ.

ಅವರು ಕಾಯಿ ಒಡೆದು ಹೊರಡುವಷ್ಟರಲ್ಲಿ ನನಗೆ ಬಸ್ಸು ಸಿಕ್ಕಿತ್ತು. ದಾರಿಯಲ್ಲಿ ಕಾರು ನಮ್ಮ ಬಸ್ಸನ್ನು ಹಿಂದೆ ಹಾಕಿ ಹೋಯಿತು, ಒಂದು ಸಲವೂ ಕೆಮ್ಮದೆ. ಕೆಮ್ಮಲು ಅದರಲ್ಲೇನಿತ್ತು? ಗಾಳಿ ನನ್ನ ಜೇಬಿನಲ್ಲಿತ್ತಲ್ಲ.